ಓದುಗರು ಕೇಳಿದ್ದು: ಸರ್ಗೋಧಾಕ್ಕೆ ಹೋದ ದೇವಯ್ಯ

ಪ್ರಶ್ನೆ: ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ದೇವಯ್ಯ ಅವರ ಹೆಸರಿನ ಸರ್ಕಲ್ ನೋಡಿದೆ. ಕಾರ್ಯಪ್ಪ, ತಿಮ್ಮಯ್ಯ ಗೊತ್ತು. ಇವರು ಯಾರು? (ಹಾಸನದ ಓದುಗರು)

ಉತ್ತರ: ಪೂರ್ತಿ ಹೆಸರು ಅಜ್ಜಮಾಡ ಬೋಪಯ್ಯ ದೇವಯ್ಯ. ಅಜ್ಜಮಾಡ ಅನ್ನೋದು ಮನೆತನದ ಹೆಸರು, ಕೊಡವರಲ್ಲಿ ಅದು ಮೊದಲು ಬರುತ್ತದೆ. ಹುಟ್ಟಿದ್ದು 1932ರ ಡಿಸೆಂಬರ್‌ನಲ್ಲಿ, ತಂದೆ ಡಾಕ್ಟರು. 1954ರಲ್ಲಿ ವಾಯುಪಡೆಯ ಪೈಲಟ್ ಆದರು. 1965ರ ಯುದ್ಧದ ಹೊತ್ತಿಗೆ ಹೊಸಬರಿಗೆ ಹಾರಾಟ ಕಲಿಸುವ ಮೇಷ್ಟ್ರಾಗಿದ್ದವರನ್ನು ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್‌ಗೆ ಕಳಿಸಿದರು. ಸೆಪ್ಟೆಂಬರ್ 7ರ ಬೆಳಗ್ಗೆ ಹಾರಿ ಹೋದವರು ವಾಪಸ್ ಬರಲಿಲ್ಲ. ಪರಮವೀರ ಚಕ್ರದ ನಂತರದ ದೊಡ್ಡ ಪದಕವಾದ ಮಹಾವೀರ ಚಕ್ರ ಅವರಿಗೆ ಬಂತು, ಆದರೆ ಬಂದಿದ್ದು 1988ರಲ್ಲಿ.

ಪ್ರಶ್ನೆ: ಹಳೇ ಮಿಸ್ಟೇರ್ ವಿಮಾನದಲ್ಲಿ ಅವರು ಸ್ಟಾರ್‌ಫೈಟರ್ ಹೊಡೆದುರುಳಿಸಿದರು ಅನ್ನುತ್ತಾರೆ. ಅದು ಸಾಧ್ಯವಾ? ಸುಮ್ನೆ ಕಟ್ಟಿದ ಕಥೆ ಇರಬಹುದಲ್ವಾ? (ಶಿವಮೊಗ್ಗದ ಕಾಲೇಜು ವಿದ್ಯಾರ್ಥಿ)

ಉತ್ತರ: ಅನುಮಾನ ಬರೋದು ಸಹಜ. ಅಮೆರಿಕ ಕೊಟ್ಟಿದ್ದ ಎಫ್-104 ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗುತ್ತಿತ್ತು. ಶತ್ರುವಿನ ಎಂಜಿನ್ ಬಿಸಿಯನ್ನು ಹಿಂಬಾಲಿಸುವ ಸೈಡ್‌ವೈಂಡರ್ ಕ್ಷಿಪಣಿ ಬೇರೆ ಇತ್ತು. ಫ್ರಾನ್ಸ್‌ನ ಮಿಸ್ಟೇರ್ ಮಟ್ಟಸ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟುತ್ತಿರಲಿಲ್ಲ. ಅದರಲ್ಲಿ ಬಾಂಬು, ರಾಕೆಟ್ ಬಿಟ್ಟರೆ 30 ಮಿಲಿಮೀಟರಿನ ಎರಡು ಫಿರಂಗಿ, ಅಷ್ಟೇ.

ಹಿಂದಿನ ಸಂಜೆ ಪಾಕಿಸ್ತಾನ ನಮ್ಮ ಪಠಾಣ್‌ಕೋಟ್ ನೆಲೆಗೆ ಹೊಡೆದಿತ್ತು. ಮರುದಿನ ಬೆಳಕು ಹರಿಯುವ ಮೊದಲೇ 12 ಮಿಸ್ಟೇರ್‌ಗಳು ಪಾಕಿಸ್ತಾನದ ದೊಡ್ಡ ವಾಯುನೆಲೆಯಾದ ಸರ್ಗೋಧಾ ಕಡೆ ಹೊರಡಬೇಕು, ಮುಂದಾಳು ವಿಂಗ್ ಕಮಾಂಡರ್ ಓ. ಪಿ. ತನೇಜಾ. ದೇವಯ್ಯ ಬರೀ ಸ್ಟ್ಯಾಂಡ್‌ಬೈ. ಹೋಗಬೇಕಿದ್ದ ಒಂದು ವಿಮಾನ ಕೈಕೊಟ್ಟಿದ್ದರಿಂದ ಆ ಜಾಗಕ್ಕೆ ಇವರು ಸೇರಿಕೊಂಡರು. ಸರ್ಗೋಧಾ ತುಂಬಾ ದೂರ. ಹೋಗಿ, ಒಂದು ಸಲ ಹೊಡೆದು, ನೆಟ್ಟಗೆ ವಾಪಸ್ ಬರೋದಕ್ಕೆ ಮಾತ್ರ ಇಂಧನ. ದಾರಿಯಲ್ಲಿ ಜಗಳಕ್ಕೆ ನಿಂತರೆ ಮನೆ ಸೇರೋದು ಕಷ್ಟ, ಅದು ಹೊರಟವರಿಗೆಲ್ಲ ಗೊತ್ತಿತ್ತು.

ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಎಂಬ ಪಾಕಿಸ್ತಾನಿ ಪೈಲಟ್ ಸ್ಟಾರ್‌ಫೈಟರ್‌ನಲ್ಲಿ ಬೆನ್ನು ಹತ್ತಿದರು. ಬಿಟ್ಟ ಕ್ಷಿಪಣಿ ಗುರಿ ತಪ್ಪಿತು. ಆಮೇಲೆ ಹತ್ತಿರ ಬಂದು ಫಿರಂಗಿಯಿಂದ ಹೊಡೆದರು, ದೇವಯ್ಯನವರ ಮಿಸ್ಟೇರ್‌ಗೆ ಏಟು ಬಿತ್ತು. ಇದರ ಕತೆ ಮುಗೀತು ಅಂದುಕೊಂಡು ಅಮ್ಜದ್ ಬೇರೆ ವಿಮಾನಗಳ ಕಡೆ ತಿರುಗಿದರು. ಆದರೆ ಏಟು ತಿಂದ ವಿಮಾನ ಇನ್ನೂ ಹಾರುತ್ತಿತ್ತು, ದೇವಯ್ಯ ಅದನ್ನೇ ತಿರುಗಿಸಿಕೊಂಡು ಮೇಲೆ ಬಿದ್ದರು.

ಇಲ್ಲಿ ವೇಗದ ಲೆಕ್ಕ ಉಲ್ಟಾ ಆಗುತ್ತದೆ. ಸ್ಟಾರ್‌ಫೈಟರ್‌ನ ರೆಕ್ಕೆ ತೀರಾ ಚಿಕ್ಕದು, ನೆಟ್ಟಗೆ ಓಡಿದರೆ ಯಾರ ಕೈಗೂ ಸಿಗಲ್ಲ, ನಿಧಾನ ಮಾಡಿಕೊಂಡು ತಿರುಗಲು ಹೋದರೆ ಒದ್ದಾಡುತ್ತದೆ. ಸಂಪಾಜೆ ಘಾಟಿಯ ತಿರುವಿನಲ್ಲಿ ಉದ್ದನೆಯ ವೋಲ್ವೋ ಬಸ್ಸನ್ನು ಹಳೇ ಜೀಪು ಹಿಂದೆ ಹಾಕುವ ಹಾಗೆ. ಅಮ್ಜದ್ ಆ ತಿರುಗಾಟದ ಕಾಳಗಕ್ಕೆ ಇಳಿದರು, ಮಿಸ್ಟೇರ್‌ನ ಗುಂಡು ತಗುಲಿತು, ಪ್ಯಾರಾಚೂಟಿನಲ್ಲಿ ಹಾರಿ ಬದುಕಿದರು. ದೇವಯ್ಯನವರ ವಿಮಾನವೂ ಅಲ್ಲೇ ಬಿತ್ತು. ಓಡಿ ಬರಬಹುದಿತ್ತಲ್ವಾ ಅಂತ ಕೆಲವರು ಕೇಳುತ್ತಾರೆ. ಅಷ್ಟು ವೇಗದ ವಿಮಾನ ಹಿಂದೆ ಇದ್ದಾಗ ಎಲ್ಲಿಗೆ ಓಡೋದು ಸ್ವಾಮಿ?

ಪ್ರಶ್ನೆ: ಇಷ್ಟು ದೊಡ್ಡ ಸಾಹಸಕ್ಕೆ ಪದಕ ಕೊಡಲು 23 ವರ್ಷ ಯಾಕೆ ಬೇಕಾಯಿತು? ದಕ್ಷಿಣದವರು ಅಂತ ತಾತ್ಸಾರವೇ? (ಮೈಸೂರಿನ ಓದುಗರು)

ಉತ್ತರ: ಹಾಗೆ ಹೇಳೋದಕ್ಕೆ ಆಧಾರ ಇಲ್ಲ. ನಮ್ಮ ಕಡೆಯವರು ಯಾರೂ ಆ ಕಾಳಗ ನೋಡಿರಲಿಲ್ಲ. ಎಲ್ಲರೂ ನೆಲಕ್ಕೆ ಅಂಟಿಕೊಂಡ ಹಾಗೆ ಹಾರುತ್ತಾ ಗುರಿ ಮುಗಿಸಿ ಮನೆ ಕಡೆ ಓಡುತ್ತಿದ್ದವರು. ಆದಂಪುರದಲ್ಲಿ ಎಣಿಸಿದರೆ ದೇವಯ್ಯ ಇಲ್ಲ, ಕಾಗದದಲ್ಲಿ ‘ಕಾಣೆ’ ಅಂತ ಬರೆದರು. ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಆ ಒಂದು ಪದ ಇಟ್ಟುಕೊಂಡು ವರ್ಷಗಟ್ಟಲೆ ಕಾಯೋದು ಎಂಥ ಹಿಂಸೆ, ಯೋಚಿಸಿ.

ಸತ್ಯ ಬಂದಿದ್ದು ಆ ಕಡೆಯಿಂದ. ಪಾಕಿಸ್ತಾನದ ವಾಯುಪಡೆಯ ಸಹಕಾರದಿಂದ ಬ್ರಿಟನ್ನಿನ ಲೇಖಕರೊಬ್ಬರು ಬರೆದ ಪುಸ್ತಕ 1979ರಲ್ಲಿ ಹೊರಬಂತು. ಅದರಲ್ಲಿ ಮಿಸ್ಟೇರ್ ಒಂದು ಸ್ಟಾರ್‌ಫೈಟರ್ ಬೀಳಿಸಿದ ವಿವರ ಇತ್ತು. ಪೈಲಟ್ ಹೆಸರು ಇರಲಿಲ್ಲ. ಅವತ್ತು ವಾಪಸ್ ಬಾರದ ಮಿಸ್ಟೇರ್ ಯಾರದ್ದು ಅಂತ ಇಲ್ಲಿ ತಾಳೆ ಹಾಕಿದಾಗ ದೇವಯ್ಯನವರ ಹೆಸರು ಬಂತು. ತನೇಜಾ ಅವರೂ ಈ ವಿಷಯ ಬಿಡದೆ ಮೇಲಿನವರ ಮುಂದಿಟ್ಟರು. ಪುಸ್ತಕ ಬಂದ ಮೇಲೂ ಒಂಬತ್ತು ವರ್ಷ ಹೋಯಿತಲ್ಲ, ಅದು ಮಾತ್ರ ಜಾಸ್ತಿಯೇ ಆಯಿತು. ಪದಕವನ್ನು ಅವರ ಪತ್ನಿ ಸ್ವೀಕರಿಸಿದರು.

ಪ್ರಶ್ನೆ: ಆ ಪಾಕಿಸ್ತಾನಿ ಪೈಲಟ್ ಏನಾದರು? (ಪುತ್ತೂರಿನ ಓದುಗರು)

ಉತ್ತರ: ಅಮ್ಜದ್ ಅವರಿಗೆ ಅವರ ದೇಶ ಸಿತಾರಾ-ಎ-ಜುರತ್ ಎಂಬ ಶೌರ್ಯ ಪದಕ ಕೊಟ್ಟಿತು. 1971ರ ಯುದ್ಧದಲ್ಲಿ ಮತ್ತೆ ಸ್ಟಾರ್‌ಫೈಟರ್‌ನಲ್ಲೇ ಅಮೃತಸರದ ಕಡೆ ಬಂದರು. ನಮ್ಮ ವಿಮಾನ ನಿರೋಧಕ ಫಿರಂಗಿಗೆ ಸಿಕ್ಕಿ, ಮತ್ತೆ ಪ್ಯಾರಾಚೂಟಿನಲ್ಲಿ ಇಳಿದು, ಈ ಸಲ ನಮ್ಮಲ್ಲೇ ಯುದ್ಧಕೈದಿಯಾದರು.