ಬ್ರೋಕರ್ ಎರಡೂ ಕಡೆ ಕಮಿಷನ್ ತಗೊಂಡರೆ ಅವರು ಯಾರ ಪರ?

ಬೆಂಗಳೂರಿನಲ್ಲಿ ಹಳೆ ಫ್ಲಾಟ್ ಕೊಳ್ಳುತ್ತಿದ್ದೀರಿ, ಬ್ರೋಕರ್ ನಿಮ್ಮ ಹತ್ತಿರವೂ ಓನರ್ ಹತ್ತಿರವೂ ಎರಡೆರಡು ಪರ್ಸೆಂಟ್ ಕೇಳುತ್ತಿದ್ದಾರೆ, ಇದು ಸರಿನಾ ಅಂತ ಕೇಳಿದ್ದೀರಿ.

ಎರಡೂ ಕಡೆ ತಗೊಳ್ಳುವುದು ನಮ್ಮಲ್ಲಿ ಮಾಮೂಲು. ಇಬ್ಬರಿಗೂ ಗೊತ್ತಿದ್ದು ಒಪ್ಪಿದ್ದರೆ ತೊಂದರೆ ಇಲ್ಲ. ಮುಚ್ಚಿಟ್ಟರೆ ಕಷ್ಟ. ಓನರ್ ಎಂಬತ್ತು ಲಕ್ಷಕ್ಕೆ ಒಪ್ಪಿರುತ್ತಾರೆ, ನಿಮಗೆ ಎಂಬತ್ತೈದು ಅಂತ ಹೇಳಿ, ಕಮಿಷನ್ ಜೊತೆಗೆ ಮಧ್ಯದ ಐದು ಲಕ್ಷವನ್ನೂ ಜೇಬಿಗೆ ಹಾಕಿಕೊಳ್ಳುವವರು ಇದ್ದಾರೆ. 1872ರ ಕರಾರು ಕಾಯ್ದೆಯಲ್ಲಿ ಇದಕ್ಕೆ ಹತ್ತಿರದ ಉದಾಹರಣೆಯೇ ಇದೆ, ಸೆಕ್ಷನ್ 216: ಒಂದು ಮನೆ ಕೊಡಿಸು ಅಂತ ಹೇಳಿದರೆ ಏಜೆಂಟ್ 'ಅದು ಸಿಗಲ್ಲ' ಅಂತ ಸುಳ್ಳು ಹೇಳಿ ತಾನೇ ಕೊಂಡುಬಿಡುತ್ತಾನೆ. ಆಗ ಅವನು ಕೊಟ್ಟ ಬೆಲೆಗೇ ಅದನ್ನು ನಿಮಗೆ ಮಾರಬೇಕು ಅಂತ ಒತ್ತಾಯಿಸಬಹುದು. ನೂರೈವತ್ತು ವರ್ಷದ ಹಿಂದೆಯೂ ಇದೇ ಆಟ ನಡೆಯುತ್ತಿತ್ತು ನೋಡಿ!

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಇದೆಯಲ್ಲ ಅನ್ನಬಹುದು. 2016ರ ಆ ಕಾಯ್ದೆಯ ಪ್ರಕಾರ ನೋಂದಣಿಯಾದ ಪ್ರಾಜೆಕ್ಟಿನ ಮನೆ, ಸೈಟು ಮಾರಿಸುವ ಏಜೆಂಟ್ ತಾನೂ ನೋಂದಣಿ ಮಾಡಿಸಿರಬೇಕು, ಬುಕಿಂಗ್ ಹೊತ್ತಿಗೆ ನಿಮಗೆ ಸಿಗಬೇಕಾದ ಮಾಹಿತಿ, ಕಾಗದ ಸಿಗುವ ಹಾಗೆ ನೋಡಿಕೊಳ್ಳಬೇಕು. ಆದರೆ ಹಳೆ ಫ್ಲಾಟನ್ನು ಒಬ್ಬ ಓನರಿಂದ ಇನ್ನೊಬ್ಬರು ಕೊಳ್ಳುವಾಗ ರೇರಾವನ್ನು ಜಾಸ್ತಿ ನಂಬಿಕೊಳ್ಳಬೇಡಿ.

ನನ್ನ ಅಭಿಪ್ರಾಯ ಇಷ್ಟೇ. ಎರಡೂ ಕಡೆಯವರಾದ ಬ್ರೋಕರ್ ಹತ್ತಿರ 'ಎಷ್ಟಕ್ಕೆ ಕೇಳಲಿ?' ಅಂತ ಕೇಳಲೇಬೇಡಿ, ನಿಮ್ಮ ಕೈಯಲ್ಲಿ ಗರಿಷ್ಠ ಎಷ್ಟು ದುಡ್ಡಿದೆ ಅಂತಲೂ ಹೇಳಬೇಡಿ, ಯಾಕೆಂದರೆ ಆ ಮಾತು ಸಂಜೆಯೊಳಗೆ ಓನರ್ ಕಿವಿಗೆ ಬಿದ್ದಿರುತ್ತದೆ, ಬೆಲೆ ಏರಿದಷ್ಟೂ ಬ್ರೋಕರ್ ಕಮಿಷನ್ನೂ ಏರುತ್ತದೆ ಅಲ್ವಾ? ಮನೆ ತೋರಿಸುವುದು, ಸಬ್ ರಿಜಿಸ್ಟ್ರಾರ್ ಆಫೀಸಿನ ಓಡಾಟ ಅವರು ಮಾಡಲಿ. ಅದನ್ನು ಚೆನ್ನಾಗಿಯೇ ಮಾಡುತ್ತಾರೆ. ಇಸಿ (ಆಸ್ತಿ ಮೇಲೆ ಸಾಲ, ಋಣ ಇದೆಯಾ ಅಂತ ತೋರಿಸುವ ಪ್ರಮಾಣಪತ್ರ), ಮೂಲ ಪತ್ರ, ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ನೋಡುವುದಕ್ಕೆ ನಿಮ್ಮದೇ ವಕೀಲರು ಇರಲಿ. ಬ್ರೋಕರ್ ಪರಿಚಯಿಸಿದ ವಕೀಲರು ಬೇಡ.

ಟೋಕನ್ ಕೊಡುವ ಮೊದಲು ಓನರ್ ಜೊತೆ ಒಮ್ಮೆ ಎದುರೆದುರು ಕೂತು ಬೆಲೆ ಮಾತಾಡಿ. ಬ್ರೋಕರ್ ಅದಕ್ಕೆ ಬಿಡದೆ ಸುಮ್ನೆ ಸಬೂಬು ಹೇಳುತ್ತಿದ್ದರೆ ನಾನಾಗಿದ್ದರೆ ಆ ಫ್ಲಾಟ್ ಬಿಟ್ಟುಬಿಡುತ್ತೇನೆ. ಇಬ್ಬರಿಂದ ಎಷ್ಟೆಷ್ಟು ಕಮಿಷನ್ ಅನ್ನುವುದು ವಾಟ್ಸಾಪಿನಲ್ಲಾದರೂ ಬರಹದಲ್ಲಿ ಬರಲಿ. ಕಮಿಷನ್ ದುಡ್ಡು ರಿಜಿಸ್ಟ್ರೇಷನ್ ದಿನವೇ ಕೊಡಿ, ಟೋಕನ್ ದಿನ ಅರ್ಧ ಕೇಳಿದರೆ ಆಗಲ್ಲ ಅನ್ನಿ.