ಡೇಕೇರ್‌ಗೆ ಸರ್ಕಾರ ದುಡ್ಡು ಕೊಡುವ ಬದಲು ಮನೆಯಲ್ಲೇ ಮಗು ನೋಡಿಕೊಳ್ಳುವವರಿಗೆ ಕೊಡಬಾರದಾ?

ಡೇಕೇರ್‌ಗೆ ಮಗುವನ್ನು ಕಳಿಸುವವರ ಖರ್ಚಿನಲ್ಲಿ ಸರ್ಕಾರ ಪಾಲು ಹಾಕುತ್ತದೆ, ಕೆಲಸ ಬಿಟ್ಟು ಮನೆಯಲ್ಲಿ ಕೂತು ಮಗು ಸಾಕುವವರಿಗೆ ಮಾತ್ರ ಏನೂ ಸಿಗಲ್ಲ, ಇದು ಅನ್ಯಾಯ ಅಲ್ವಾ ಅಂತ ಕೇಳಿದ್ದೀರಿ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನು ಡೇಕೇರ್‌ನಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಿದವಳು, ಆದರೂ ನಿಮ್ಮ ಮಾತಿನಲ್ಲಿ ಅರ್ಧ ಸರಿ ಅಂತಲೇ ಹೇಳುತ್ತೇನೆ. ಮಗುವಿಗೆ ಒಂದು, ಒಂದೂವರೆ ವರ್ಷ ಆಗುವವರೆಗೆ ದುಡ್ಡು ಅಪ್ಪ ಅಮ್ಮನ ಕೈಗೇ ಹೋಗಬೇಕು. ಆಮೇಲೆ ಒಳ್ಳೆಯ ಡೇಕೇರ್‌ಗೆ ಹೋಗಬೇಕು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಯಾವುದು ಮೇಲು ಅಂತ ತೂಗುವುದರಲ್ಲೇ ನಾವು ದಾರಿ ತಪ್ಪುತ್ತೇವೆ.

ಮೊದಲು ಕೂಸುಗಳ ಕೋಣೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಏಳೆಂಟು ತಿಂಗಳ ಮಗು ತೊಡೆಯ ಮೇಲೆ ಹಾಲು ಕುಡಿಯುತ್ತಿರುತ್ತದೆ. ಅಷ್ಟರಲ್ಲಿ ಇನ್ನೊಂದರ ಡೈಪರ್ ತುಂಬಿರುತ್ತದೆ, ಅದಕ್ಕೆ ಕಾಯಲು ಬರಲ್ಲ. ಅದರ ಅಳು ಕೇಳಿ ಆಗ ತಾನೇ ನಿದ್ದೆ ಹತ್ತಿದ್ದ ಮೂರನೆಯದು ಎದ್ದು ಕೂರುತ್ತದೆ. ಹಾಲು ಕುಡಿಯುವ ಮಗುವಿನ ಬಾಯಿಂದ ಬಾಟಲಿ ತೆಗೆಯಬೇಕಾ, ಅಳುವವರನ್ನು ಅಳಲು ಬಿಡಬೇಕಾ? ಕೈ ಇರುವುದೇ ಎರಡು. ಇಂಗ್ಲೆಂಡಿನ ನಿಯಮದಲ್ಲಿ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು ಇರಲೇಬೇಕು. ಅದು ಸುಮ್ನೆ ಮಾಡಿದ ನಿಯಮ ಅಲ್ಲ. ಆ ಕೋಣೆಯಲ್ಲಿ ಒಂದು ಮಧ್ಯಾಹ್ನ ಕಳೆದವರಿಗೆ ಮೂರೇ ಜಾಸ್ತಿ ಅನಿಸುತ್ತದೆ.

ಡೇಕೇರ್‌ನ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳ. ಮಗು ಚಿಕ್ಕದಾದಷ್ಟೂ ಹೆಚ್ಚು ಜನ ಬೇಕು, ಖರ್ಚೂ ಏರುತ್ತದೆ. ಹಾಗಾಗಿ ಮೊದಲ ವರ್ಷ ತಂದೆ ತಾಯಿಗೆ ಸಂಬಳ ಸಹಿತ ರಜೆ ಕೊಡುವುದು ಮಗುವಿಗೂ ಒಳ್ಳೆಯದು, ಖಜಾನೆಗೂ ಅಂಥ ಹೊರೆ ಅಲ್ಲ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಆದರೆ ದುಡ್ಡನ್ನು ಹೇಗೆ ಕೊಡುತ್ತಾರೆ ಅನ್ನೋದು ಮುಖ್ಯ. ಜರ್ಮನಿಯನ್ನೇ ನೋಡಿ. ಅಲ್ಲಿ 2007ರಿಂದ ಮಗು ಹುಟ್ಟಿದ ಮೇಲೆ ರಜೆ ಹಾಕುವವರಿಗೆ ಹಿಂದಿನ ನಿವ್ವಳ ಸಂಬಳದ ಸುಮಾರು 67 ಶೇಕಡಾ ಸಿಗುತ್ತದೆ, ತಿಂಗಳಿಗೆ ಗರಿಷ್ಠ 1800 ಯೂರೋ. ಅಪ್ಪ ಅಮ್ಮ ಇಬ್ಬರೂ ರಜೆ ಹಾಕಿದರೆ ಎರಡು ತಿಂಗಳು ಹೆಚ್ಚು. ಆಮೇಲೆ 2013ರಲ್ಲಿ, ಸರ್ಕಾರದ ನೆರವಿನ ಡೇಕೇರ್‌ಗೆ ಮಗುವನ್ನು ಕಳಿಸದವರಿಗೆ ಬೇರೊಂದು ಭತ್ಯೆ ತಂದರು. ಮೊದಲು ತಿಂಗಳಿಗೆ 100 ಯೂರೋ, ಮರುವರ್ಷ 150. ಕೈತುಂಬಾ ಸಂಬಳ ಬರುವವರು 150 ಯೂರೋಗೆ ಕೆಲಸ ಬಿಡುತ್ತಾರಾ? ಆ ದುಡ್ಡು ಸೆಳೆಯುವುದು ಮೊದಲೇ ಕಡಿಮೆ ಸಂಬಳ ಇರುವವರನ್ನು, ಅಂದರೆ ಬಹುಪಾಲು ತಾಯಂದಿರನ್ನು. 2015ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅದನ್ನು ರದ್ದು ಮಾಡಿತು. ಅಂಥ ಕಾನೂನು ತರುವ ಅಧಿಕಾರ ಕೇಂದ್ರಕ್ಕಿಲ್ಲ ಅನ್ನೋದು ಕಾರಣ. ಭತ್ಯೆ ಒಳ್ಳೆಯದಾ ಕೆಟ್ಟದ್ದಾ ಅಂತ ನ್ಯಾಯಾಲಯ ಹೇಳಲಿಲ್ಲ.

ನಾರ್ವೆ 1998ರಲ್ಲಿ ಇಂಥದ್ದೇ ಭತ್ಯೆ ಶುರು ಮಾಡಿತು, 2012ರಲ್ಲಿ ಎರಡು ವರ್ಷದ ಮಕ್ಕಳಿಗೆ ಅದನ್ನು ನಿಲ್ಲಿಸಿತು. ಸ್ವೀಡನ್ 2008ರಲ್ಲಿ ತಂದು 2016ರಲ್ಲಿ ಕೈಬಿಟ್ಟಿತು. ಫಿನ್ಲೆಂಡಿನಲ್ಲಿ 1980ರ ದಶಕದಿಂದ ಈಗಲೂ ಇದೆ, ಮಗುವಿಗೆ ಮೂರು ವರ್ಷ ತುಂಬುವವರೆಗೆ. ತೆಗೆದುಕೊಳ್ಳುವವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಹೆಂಗಸರೇ. ಒಂದಾದ ಮೇಲೊಂದು ಎರಡು ಮಕ್ಕಳಾದರೆ ಐದಾರು ವರ್ಷ ಕೆಲಸದಿಂದ ದೂರ. ಆಗ ಹೋಗುವುದು ಆ ವರ್ಷಗಳ ಸಂಬಳ ಮಾತ್ರವಲ್ಲ. ಬಡ್ತಿ ಹೋಯಿತು, ಪಿಂಚಣಿ ಕುಗ್ಗಿತು. ನಾಳೆ ಗಂಡ ಹೆಂಡತಿ ಬೇರೆಯಾದರೆ ಬರಿಗೈಯಲ್ಲಿ ನಿಲ್ಲುವವಳು ಅವಳೇ. ಮನೆಯಲ್ಲಿ ಇರಬೇಕು ಅಂತ ಮನಸಾರೆ ಬಯಸುವವರನ್ನು ನಾನು ಗೌರವಿಸುತ್ತೇನೆ. ಆದರೆ ಅವರಿಗೆ ಸಿಗುವ ನೆರವು ಅವರನ್ನೇ ಬಡವರನ್ನಾಗಿ ಮಾಡಬಾರದು.

ಅದಕ್ಕೇ ನಿಮ್ಮಂಥವರು ಕೇಳಬೇಕಾದದ್ದು ಭತ್ಯೆಗಿಂತ ದೊಡ್ಡದು. ಮಗು ನೋಡಿಕೊಂಡ ವರ್ಷಗಳನ್ನು ಪಿಂಚಣಿಗೆ ಸೇರಿಸಿ ಅಂತ ಕೇಳಿ. ಜರ್ಮನಿಯಲ್ಲಿ 1992ರಿಂದ ಈಚೆಗೆ ಹುಟ್ಟಿದ ಪ್ರತಿ ಮಗುವಿಗೂ ಮೂರು ವರ್ಷ ಹೀಗೆ ಲೆಕ್ಕಕ್ಕೆ ಬರುತ್ತದೆ. ಅಪ್ಪನಿಗೇ ಮೀಸಲಾದ ರಜೆ ಕೇಳಿ. ಸ್ವೀಡನ್ನಿನಲ್ಲಿ ಒಂದು ಮಗುವಿಗೆ ಒಟ್ಟು 480 ದಿನ ಸಿಗುತ್ತದೆ, ಅದರಲ್ಲಿ ಒಬ್ಬೊಬ್ಬರಿಗೆ 90 ದಿನ ಮೀಸಲು. ಅಪ್ಪ ತೆಗೆದುಕೊಳ್ಳದಿದ್ದರೆ ಅವನ ಪಾಲಿನ ದಿನಗಳು ಹೋದವು ಅಂತಲೇ ಲೆಕ್ಕ. ನಾರ್ವೆ 1993ರಲ್ಲಿ ಅಪ್ಪಂದಿರಿಗೆ ನಾಲ್ಕು ವಾರ ಮೀಸಲಿಡುವ ಮೊದಲು ರಜೆ ಹಾಕುವ ಅಪ್ಪಂದಿರು ಬೆರಳೆಣಿಕೆಯಷ್ಟು. ಕೆಲವೇ ವರ್ಷಗಳಲ್ಲಿ ಹೆಚ್ಚಿನವರು ಹಾಕತೊಡಗಿದರು.

ಇನ್ನು ಡೇಕೇರ್ ಪರವಾಗಿ ಮಾತಾಡುವವರೂ ಒಂದು ವಿಷಯ ಮುಚ್ಚಿಡಬಾರದು. ಕೆನಡಾದ ಕ್ವಿಬೆಕ್ ಪ್ರಾಂತ 1997ರಲ್ಲಿ ದಿನಕ್ಕೆ ಐದು ಡಾಲರ್‌ಗೆ ಡೇಕೇರ್ ಶುರು ಮಾಡಿತು. ಕೆಲಸಕ್ಕೆ ಹೋಗುವ ತಾಯಂದಿರು ನಿಜಕ್ಕೂ ಹೆಚ್ಚಾದರು. ಆದರೆ ಬೇಕರ್, ಗ್ರೂಬರ್, ಮಿಲಿಗನ್ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದಾಗ ಚಿಕ್ಕ ಮಕ್ಕಳಲ್ಲಿ ಆತಂಕ, ಹೊಡೆದಾಟ ಹೆಚ್ಚಾದದ್ದು ಕಂಡಿತು. ಇದರಿಂದ ಡೇಕೇರೇ ಕೆಟ್ಟದ್ದು ಅಂತ ನಾನು ಒಪ್ಪಲ್ಲ. ಶುಲ್ಕ ಇಳಿಸುವುದು ಸುಲಭ, ರಾತ್ರೋರಾತ್ರಿ ಆಗುತ್ತದೆ. ಮಕ್ಕಳ ಮನಸ್ಸು ತಿಳಿದು ನಡೆಯುವ ಜನರನ್ನು ಹಾಗೆ ರಾತ್ರೋರಾತ್ರಿ ತಯಾರು ಮಾಡಲಾಗದು.

ನನಗೆ ಎಲ್ಲಕ್ಕಿಂತ ನೋವು ಕೊಡುವ ವಿಷಯ ಇದೇ. ಡೇಕೇರ್‌ನಲ್ಲಿ ಕೆಲಸ ಮಾಡುವವರ ಸಂಬಳ ಎಷ್ಟು ಕಡಿಮೆ ಅಂದರೆ, ಬೇರೆ ಕೆಲಸ ಸಿಕ್ಕ ತಕ್ಷಣ ಬಿಟ್ಟು ಹೋಗುತ್ತಾರೆ. ಒಂದೂವರೆ ವರ್ಷದ ಮಗು ಒಬ್ಬರಿಗೆ ಒಗ್ಗಿಕೊಂಡು, ಅವರ ಸೆರಗು ಹಿಡಿದು ಓಡಾಡುವಷ್ಟರಲ್ಲಿ ಹೊಸ ಮುಖ ಬಂದಿರುತ್ತದೆ. ಆ ಮಗು ಮತ್ತೆ ಊಟ ಬಿಡುತ್ತದೆ, ನಿದ್ದೆ ಬಿಡುತ್ತದೆ. ಸರ್ಕಾರದ ದುಡ್ಡು ಬರೀ ಶುಲ್ಕ ಇಳಿಸಲು ಹೋದರೆ ಇದು ಸರಿಹೋಗಲ್ಲ, ಸಂಬಳಕ್ಕೂ ತರಬೇತಿಗೂ ಹೋಗಬೇಕು.

ನಿಮ್ಮ ಮಗುವಿಗೆ ಈಗ ಹತ್ತು ತಿಂಗಳು ಅಂದಿದ್ದೀರಿ. ಆಗುವುದಾದರೆ ಇನ್ನೂ ಕೆಲವು ತಿಂಗಳು ಜೊತೆಗಿರಿ, ಅದರಲ್ಲಿ ಒಂದಷ್ಟು ಮಗುವಿನ ಅಪ್ಪನ ಪಾಲಿಗೂ ಬರಲಿ. ಆಮೇಲೆ ಡೇಕೇರ್ ನೋಡಲು ಹೋದಾಗ ಗೋಡೆಯ ಬಣ್ಣ, ಆಟಿಕೆ ನೋಡಿ ಒಪ್ಪಬೇಡಿ. ನನ್ನ ಮಗುವನ್ನು ನೋಡಿಕೊಳ್ಳುವವರು ಯಾರು, ಅವರು ಇಲ್ಲಿಗೆ ಬಂದು ಎಷ್ಟು ಕಾಲವಾಯಿತು, ಅವರ ಕೈಕೆಳಗೆ ಎಷ್ಟು ಮಕ್ಕಳು ಅಂತ ಕೇಳಿ. ಉತ್ತರ ಹೇಳಲು ತಡವರಿಸಿದರೆ ಬೇರೆ ಕಡೆ ನೋಡಿ.