ಎಲ್ಲರೂ ‘ಸೂಪರ್’ ಅಂದರೆ ಕಲಿಯೋದು ಯಾವಾಗ?

ಪೆನ್ಸಿಲ್ ಚಿತ್ರ ಕಲಿಯುತ್ತಿರುವವರ ಪತ್ರಗಳೇ ಈ ಸಲ ಜಾಸ್ತಿ. ಬರೆದದ್ದನ್ನು ಯಾರಿಗೆ ತೋರಿಸೋದು, ಅವರು ಹೇಳಿದ್ದನ್ನು ಇಟ್ಟುಕೊಂಡು ಏನು ಮಾಡೋದು ಅನ್ನುವುದೇ ಹೆಚ್ಚಿನವರ ಗೊಂದಲ. ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನಗೆ 34 ವರ್ಷ, ಬ್ಯಾಂಕಿನಲ್ಲಿ ಕೆಲಸ. ಈಚೆಗೆ ರಾತ್ರಿ ಊಟ ಮುಗಿಸಿ ಪೆನ್ಸಿಲ್ ಹಿಡಿದು ಕೂರುವ ಅಭ್ಯಾಸ ಮಾಡಿಕೊಂಡಿದ್ದೇನೆ. ಮೊನ್ನೆ ನಮ್ಮಜ್ಜಿಯ ಮುಖ ಬಿಡಿಸಿ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ‘ಸೂಪರ್’, ‘ಸಖತ್’, ಸಾಲುಸಾಲು ಚಪ್ಪಾಳೆ. ಮೈದುನ ಮಾತ್ರ ‘ಯಾರಿದು ಅತ್ತಿಗೆ?’ ಅಂದ. ನಗುನೂ ಬಂತು, ಅಳುನೂ ಬಂತು. ನನಗೂ ಅದು ಅಜ್ಜಿ ಥರ ಕಾಣುತ್ತಿಲ್ಲ. ಎಲ್ಲಿ ತಪ್ಪಿದೆ ಅಂತ ಗೊತ್ತಾಗುತ್ತಿಲ್ಲ. ಯಾರನ್ನು, ಹೇಗೆ ಕೇಳಲಿ? ಚಿತ್ರ ಮತ್ತು ಫೋಟೊ ಎರಡನ್ನೂ ಕಳಿಸಿದ್ದೇನೆ.
– ಓದುಗರು, ದಾವಣಗೆರೆ

ಉತ್ತರ: ಆ ಗುಂಪಿನಲ್ಲಿ ಕೆಲಸಕ್ಕೆ ಬರುವ ಮಾತಾಡಿದ್ದು ನಿಮ್ಮ ಮೈದುನ ಒಬ್ಬರೇ. ಆದರೆ ಅರ್ಧಕ್ಕೆ ನಿಲ್ಲಿಸಿಬಿಟ್ಟರು. ‘ಯಾವ ಜಾಗ ನೋಡಿ ಹಾಗನ್ನಿಸ್ತು?’ ಅಂತ ತಿರುಗಿ ಕೇಳಿ. ಉಳಿದವರು ನಿಮ್ಮ ಬೆನ್ನು ತಟ್ಟಿದ್ದಾರೆ, ಅಷ್ಟೇ. ಅದೂ ಬೇಕು, ಬೇಡ ಅನ್ನಲಾರೆ. ಆದರೆ ಬಸ್ಸಿನಲ್ಲಿ ನಿಂತು ಮೊಬೈಲ್ ನೋಡುವವರಿಗೆ ‘ಹೇಗಿದೆ?’ ಅಂತ ಕೇಳಿದರೆ ‘ಚೆನ್ನಾಗಿದೆ’ ಅನ್ನದೆ ಇನ್ನೇನು ಅಂದಾರು?

ಬೆರಳಿಟ್ಟು ಉತ್ತರಿಸಬಹುದಾದ ಪ್ರಶ್ನೆ ಕೇಳಿ. ‘ಫೋಟೊ ಪಕ್ಕದಲ್ಲಿಟ್ಟು ನೋಡಿ, ಇದು ಅಜ್ಜಿ ಅಲ್ಲ ಅನ್ನಿಸುವ ಒಂದೇ ಒಂದು ಜಾಗ ತೋರಿಸಿ’ ಅನ್ನಿ. ಇದಕ್ಕೆ ಚಿತ್ರ ಬರೆಯಲು ಬರುವವರೇ ಬೇಕಿಲ್ಲ. ಹೋಲಿಕೆಯ ವಿಷಯದಲ್ಲಿ ನನ್ನಂಥ ಡ್ರಾಯಿಂಗ್ ಮೇಷ್ಟ್ರಿಗಿಂತ ನಿಮ್ಮ ಅಮ್ಮನೋ ಚಿಕ್ಕಮ್ಮನೋ ಮೇಲು. ‘ಅಮ್ಮನ ಬಾಯಿ ಇಷ್ಟು ಬಿಗಿಯಾಗಿಲ್ಲ ಕಣೇ’ ಅಂತ ಅವರು ಒಂದು ಮಾತು ಹೇಳಿದರೆ ಅದರಲ್ಲಿ ಒಂದು ವಾರದ ಕೆಲಸ ಇರುತ್ತದೆ.

ಯಾವಾಗ ಕೇಳುತ್ತೀರಿ ಅನ್ನುವುದು ಇನ್ನೂ ಮುಖ್ಯ. ಹೆಚ್ಚಿನವರು ಚಿತ್ರ ಪೂರ್ತಿ ಮುಗಿಸಿ, ಸಹಿ ಹಾಕಿ, ಆಮೇಲೆ ತೋರಿಸುತ್ತಾರೆ. ಗಂಟೆಗಟ್ಟಲೆ ಶೇಡಿಂಗ್ ಮಾಡಿದ ಮುಖ ನೋಡಿ ‘ಕಣ್ಣಿನ ಜಾಗವೇ ತಪ್ಪಿದೆ’ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಹೇಳಿದರೂ ಅಳಿಸಲು ನಿಮಗೆ ಮನಸ್ಸು ಬರುವುದಿಲ್ಲ. ಬರೀ ಔಟ್‌ಲೈನ್ ಇರುವಾಗಲೇ, ಗೆರೆಗಳು ಇನ್ನೂ ತೆಳುವಾಗಿರುವಾಗಲೇ ಒಮ್ಮೆ ತೋರಿಸಿ.

ಈಗ ನಿಮ್ಮ ಚಿತ್ರ. ಗದ್ದದ ತುದಿಯಿಂದ ನೆತ್ತಿಯವರೆಗೆ ಸ್ಕೇಲ್ ಇಟ್ಟು ನೋಡಿದೆ. ದೊಡ್ಡವರ ಮುಖದಲ್ಲಿ ಕಣ್ಣು ಬರುವುದು ಹೆಚ್ಚುಕಮ್ಮಿ ಸರೀ ಮಧ್ಯಕ್ಕೆ. ನೀವು ಅದಕ್ಕಿಂತ ತುಂಬಾ ಮೇಲೆ ಇಟ್ಟಿದ್ದೀರಿ. ಕಲಿಯುವವರಲ್ಲಿ ಇದು ತೀರಾ ಸಾಮಾನ್ಯ. ನಮ್ಮ ಗಮನ ಕಣ್ಣು, ಮೂಗು, ಬಾಯಿಗೆ ಅಂಟಿಕೊಂಡಿರುತ್ತದೆ. ಹಣೆ, ತಲೆಗೂದಲು ಖಾಲಿ ಜಾಗ ಅನ್ನಿಸಿ ಕೈ ಅದನ್ನು ಕುಗ್ಗಿಸಿಬಿಡುತ್ತದೆ. ಫೋಟೊದಲ್ಲಿ ಅಜ್ಜಿಯದು ಅಗಲವಾದ ಹಣೆ, ಕಾಸಗಲ ಕುಂಕುಮ. ಚಿತ್ರದಲ್ಲಿ ಆ ಕುಂಕುಮ ಹುಬ್ಬಿಗೂ ಕೂದಲಿಗೂ ನಡುವೆ ಸಿಕ್ಕಿಕೊಂಡು ಚಿಕ್ಕ ಚುಕ್ಕೆಯಾಗಿದೆ. ಮೈದುನ ‘ಯಾರಿದು’ ಅಂದದ್ದು ಇದಕ್ಕೇ ಇರಬೇಕು.

ಇನ್ನೊಂದು ತಪ್ಪು ನಿಮ್ಮದಲ್ಲ, ಫೋಟೊದ್ದು. ಮೊಬೈಲನ್ನು ಮುಖದ ಹತ್ತಿರ ಹಿಡಿದು ತೆಗೆದಿದ್ದಾರೆ. ಹತ್ತಿರದಿಂದ ತೆಗೆದರೆ ಮುಂದಿರುವ ಮೂಗು ಉಬ್ಬುತ್ತದೆ, ಕಿವಿಗಳು ಹಿಂದೆ ಸರಿದು ಸಣ್ಣದಾಗುತ್ತವೆ. ನೀವು ಅದನ್ನು ನಿಯತ್ತಾಗಿ ಇಳಿಸಿದ್ದೀರಿ. ಅಜ್ಜಿಯನ್ನು ಕಿಟಕಿ ಪಕ್ಕ ಕೂರಿಸಿ, ಐದಾರು ಅಡಿ ಹಿಂದೆ ನಿಂತು, ಸ್ವಲ್ಪ ಝೂಮ್ ಮಾಡಿ ಇನ್ನೊಂದು ಫೋಟೊ ತೆಗೆಯಿರಿ. ಒಂದೇ ಕಡೆಯಿಂದ ಬೆಳಕು ಬಿದ್ದರೆ ಶೇಡಿಂಗ್ ಕೂಡ ಸುಲಭ.

ಸುಕ್ಕುಗಳ ಬಗ್ಗೆಯೂ ಹೇಳಬೇಕು. ಕೆನ್ನೆಯ ಮೇಲೆ ಅವು ಭೂಪಟದ ನದಿಗಳ ಹಾಗೆ ಗೆರೆಗೆರೆಯಾಗಿ ಹರಿದಿವೆ. ಸುಕ್ಕು ಅಂದರೆ ಗೆರೆ ಅಲ್ಲ, ಚರ್ಮದ ಸಣ್ಣ ಮಡಿಕೆ. ಅದರ ಒಂದು ಬದಿಗೆ ನೆರಳು, ಇನ್ನೊಂದು ಬದಿಗೆ ಬೆಳಕು. 2ಬಿ ಪೆನ್ಸಿಲನ್ನು (‘ಬಿ’ ಮುಂದಿನ ಅಂಕಿ ಹೆಚ್ಚಿದಷ್ಟೂ ಕಡ್ಡಿ ಮೆತ್ತಗೆ, ಕಪ್ಪು) ಓರೆಯಾಗಿ ಹಿಡಿದು ನೆರಳಿನ ಬದಿಯನ್ನಷ್ಟೇ ಹಗುರವಾಗಿ ತೀಡಿ, ಪಕ್ಕದಲ್ಲಿ ಕಾಗದದ ಬಿಳಿ ಹಾಗೇ ಬಿಡಿ.

ಇಷ್ಟನ್ನೂ ಒಟ್ಟಿಗೆ ಸರಿಮಾಡಲು ಹೋಗಬೇಡಿ. ಮುಂದಿನ ಚಿತ್ರದಲ್ಲಿ ಕಣ್ಣಿನ ಜಾಗ ಒಂದು ಸರಿಯಾಗಲಿ. ಹಳೆಯದನ್ನು ಉಜ್ಜಿ ಅಳಿಸದೆ ಹೊಸ ಹಾಳೆ ತಗೊಳ್ಳಿ. ಅಂದ ಹಾಗೆ ಸೆರಗಿನ ಅಂಚು ಬರೆಯುವಾಗ ನೀವು ಪೆನ್ಸಿಲಿನ ಒತ್ತಡ ಬದಲಿಸಿದ್ದೀರಿ. ಭುಜದ ಮೇಲೆ ಗಾಢ, ಕೆಳಗೆ ಬರುತ್ತಾ ತೆಳು. ಇಡೀ ಚಿತ್ರದಲ್ಲಿ ನನಗೆ ತುಂಬಾ ಹಿಡಿಸಿದ ಜಾಗ ಅದು. ಹಾಗೆ ಮಾಡಿದ್ದು ನಿಮಗೇ ಗೊತ್ತಿತ್ತೋ ಇಲ್ಲವೋ! ಅದೇ ಕೈಯನ್ನು ಕೆನ್ನೆಯ ಅಂಚಿಗೂ ತನ್ನಿ.

ಚಿತ್ರದ ಫೋಟೊ ಕಳಿಸುವಾಗ ಫ್ಲ್ಯಾಶ್ ಬೇಡ. ಪೆನ್ಸಿಲಿನ ಗ್ರಾಫೈಟ್ ಮಿಂಚಿ ಕಪ್ಪು ಜಾಗಗಳೆಲ್ಲ ಬೆಳ್ಳಗಾಗುತ್ತವೆ. ಹಗಲು ಬೆಳಕಿನಲ್ಲಿ, ಫೋನನ್ನು ಹಾಳೆಗೆ ನೇರವಾಗಿ ಹಿಡಿದು ತೆಗೆಯಿರಿ. ಓರೆ ಹಿಡಿದರೆ ಗದ್ದ ಚೂಪಾಗಿ ಕಾಣುತ್ತದೆ. ಆಮೇಲೆ ಇಲ್ಲದ ತಪ್ಪಿಗೆ ನಾಲ್ಕು ಸಲಹೆ ಬರುತ್ತವೆ.

ಪ್ರಶ್ನೆ: ಮಗಳು ಎಂಟನೇ ಕ್ಲಾಸು. ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಕಟ್ಟಿದ್ದಾಳೆ. ಮನೆಯಲ್ಲಿ ಚೊಂಬು, ಲೋಟ ಇಟ್ಟುಕೊಂಡು ಬರೆಯುತ್ತಾಳೆ. ನನಗೂ ಸ್ವಲ್ಪ ಕೈ ಓಡುತ್ತದೆ. ತಪ್ಪು ಕಂಡಾಗ ಅವಳ ಹಾಳೆಯ ಮೇಲೇ ತಿದ್ದಿ ತೋರಿಸುತ್ತಿದ್ದೆ. ಈಗ ನನಗೆ ತೋರಿಸುವುದನ್ನೇ ಬಿಟ್ಟಿದ್ದಾಳೆ. ಹಾಗಾದರೆ ಬರೀ ಹೊಗಳುತ್ತಾ ಇರಬೇಕಾ ಸರ್?
– ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ಆದರೆ ಪೆನ್ಸಿಲ್ ಮೊದಲು ಕೆಳಗಿಡಿ.

ಅವಳ ಹಾಳೆಯ ಮೇಲೆ ನೀವು ಒಂದು ಗೆರೆ ಎಳೆದರೂ ಅದು ಅವಳ ಚಿತ್ರವಾಗಿ ಉಳಿಯುವುದಿಲ್ಲ. ತಿದ್ದಿ ತೋರಿಸಲೇಬೇಕು ಅನ್ನಿಸಿದರೆ ಮೇಲೊಂದು ಬಟರ್ ಪೇಪರ್ ಹಾಸಿ ಅದರ ಮೇಲೆ ಬರೆಯಿರಿ. ಎತ್ತಿದರೆ ಅವಳ ಗೆರೆ ಹಾಗೇ ಇರುತ್ತದೆ, ಎರಡನ್ನೂ ಹೋಲಿಸಿ ನೋಡಲೂಬಹುದು. ಅದಕ್ಕೂ ಮುಂಚೆ ‘ತೋರಿಸಲಾ?’ ಅಂತ ಒಂದು ಮಾತು ಕೇಳಿ. ‘ಬೇಡ ಅಪ್ಪಾ, ಸುಮ್ನೆ ನೋಡಿ’ ಅಂದರೆ ಸುಮ್ನೆ ನೋಡಿ.

ತಿದ್ದದೆಯೇ ಕಾಣಿಸಿಕೊಡುವ ದಾರಿಯೂ ಇದೆ. ಲೋಟವನ್ನೇ ತಗೊಳ್ಳಿ. ಮಕ್ಕಳು ಅದರ ಬಾಯನ್ನು ಅಂಡಾಕಾರಕ್ಕೆ ಬರೆದು, ತಳಕ್ಕೆ ಒಂದು ನೇರ ಗೆರೆ ಎಳೆದುಬಿಡುತ್ತಾರೆ. ಲೋಟ ಸಪಾಟಾದ ಮೇಜಿನ ಮೇಲೆ ಕೂತಿದೆಯಲ್ಲ, ತಳ ನೇರ ಇರಲೇಬೇಕು ಅಂತ ಅವರ ಲೆಕ್ಕ. ‘ತಳ ತಪ್ಪು’ ಅಂದರೆ ಅವಳು ಅಳಿಸಿ ಬಗ್ಗಿಸಿಯಾಳು, ಕಾರಣ ತಿಳಿಯುವುದಿಲ್ಲ. ಸ್ಟೀಲ್ ಲೋಟವನ್ನು ಅವಳ ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ಬಾಯಿ ಬರೀ ಒಂದು ಅಡ್ಡ ಗೆರೆಯಾಗಿ ಕಾಣುತ್ತದೆ. ನಿಧಾನಕ್ಕೆ ಕೆಳಗಿಳಿಸಿ. ಬಾಯಿ ತೆರೆದುಕೊಳ್ಳುತ್ತಾ ಹೋಗುತ್ತದೆ. ಕಣ್ಣಿನ ಮಟ್ಟದಿಂದ ಕೆಳಗಿಳಿದಷ್ಟೂ ದುಂಡಗೆ. ಹಾಗಿದ್ದರೆ ಬಾಯಿಗಿಂತ ಕೆಳಗಿರುವ ತಳ ಹೇಗೆ ಕಾಣಬೇಕು ಅಂತ ಕೇಳಿ. ಬಾಯಿಗಿಂತ ತಳದ ತಿರುವು ಜಾಸ್ತಿ ಇರಬೇಕು ಅನ್ನುವುದನ್ನು ಅವಳೇ ಹೇಳುತ್ತಾಳೆ. ಆಮೇಲೆ ಚೊಂಬಿಗೂ ಬಿಂದಿಗೆಗೂ ನೀವು ಬೇಕಾಗುವುದಿಲ್ಲ.

ಅಭಿಪ್ರಾಯ ಹೇಳಿದರೆ ಕೆಲಸ ಸುಧಾರಿಸುತ್ತದೆ ಅಂತ ನಾವೆಲ್ಲ ನಂಬಿದ್ದೇವೆ ಅಲ್ವಾ? 1996ರಲ್ಲಿ ಕ್ಲೂಗರ್ ಮತ್ತು ಡಿನಿಸಿ ಎಂಬಿಬ್ಬರು ಸಂಶೋಧಕರು ಈ ಬಗ್ಗೆ ಅದುವರೆಗೆ ನಡೆದಿದ್ದ ಹಲವಾರು ಅಧ್ಯಯನಗಳನ್ನು ಕೂಡಿಸಿ ನೋಡಿದರು. ಸರಾಸರಿಯಲ್ಲಿ ಲಾಭವೇ ಕಂಡಿತು. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಹೇಳುವ ಮಾತು, ಮಾಡಿದ ಕೆಲಸವನ್ನು ಬಿಟ್ಟು ಅದನ್ನು ಮಾಡಿದವರ ಕಡೆಗೆ ತಿರುಗಿದಷ್ಟೂ ಅದರ ಪ್ರಯೋಜನ ಇಳಿಯುತ್ತದೆ ಅನ್ನುವುದು ಅವರ ವಿವರಣೆ. ‘ಎಷ್ಟು ಸಲ ಹೇಳೋದು ನಿನಗೆ’ ಅನ್ನುವುದು ಹೇಗೋ ‘ನನ್ನ ಮಗಳು ಬಲು ಜಾಣೆ’ ಅನ್ನುವುದೂ ಹಾಗೇ. ಎರಡರಲ್ಲೂ ಲೋಟದ ಸುದ್ದಿ ಇಲ್ಲ. ‘ಚೊಂಬಿನ ಕಂಠ ಎರಡೂ ಬದಿ ಸಮ ಬಂದಿದೆ’ ಅಂದರೆ ಅದು ಹೊಗಳಿಕೆಯೂ ಹೌದು, ನಾಳೆಗೆ ನೆನಪಿಟ್ಟುಕೊಳ್ಳುವ ವಿಷಯವೂ ಹೌದು.

ಮಗಳು ಮತ್ತೆ ಹತ್ತಿರ ಬರಲು ನೀವೂ ಅದೇ ಚೊಂಬನ್ನು ಬರೆದು ಅವಳ ಕೈಗೆ ಕೊಡಿ. ತಪ್ಪು ಹುಡುಕಲು ಹೇಳಿ. ಖುಷಿಯಿಂದ ಹುಡುಕುತ್ತಾಳೆ, ಬಿಡುವುದಿಲ್ಲ!

ಪ್ರಶ್ನೆ: ನನ್ನ ಒಂದು ಚಿತ್ರ ನೋಡಿ ಗೆಳೆಯ ‘ಶೇಡಿಂಗ್ ಜಾಸ್ತಿ ಆಯ್ತು’ ಅಂದ. ಅದೇ ಚಿತ್ರಕ್ಕೆ ಕ್ಲಾಸಿನ ಇನ್ನೊಬ್ಬರು ‘ಶೇಡಿಂಗ್ ಸಾಲದು’ ಅಂದರು. ಯಾರ ಮಾತು ಕೇಳಲಿ? ನಾನು ಬಳಸುವುದು ಎಚ್‌ಬಿ ಪೆನ್ಸಿಲ್.
– ಓದುಗರು, ಬೆಂಗಳೂರು

ಉತ್ತರ: ಇಬ್ಬರದನ್ನೂ ಕೇಳಿ. ತೊಂದರೆ ಎಲ್ಲಿದೆ ಅನ್ನುವುದನ್ನು ಜನ ಸಾಮಾನ್ಯವಾಗಿ ಸರಿಯಾಗೇ ಗುರುತಿಸುತ್ತಾರೆ. ಅದಕ್ಕೆ ಹೇಳುವ ಮದ್ದು ಮಾತ್ರ ಒಬ್ಬೊಬ್ಬರದು ಒಂದೊಂದು. ಇಬ್ಬರೂ ಶೇಡಿಂಗ್ ಬಗ್ಗೆಯೇ ಮಾತಾಡಿದ್ದಾರೆ ಅಂದರೆ ಅಲ್ಲೇನೋ ಇದೆ.

ಏನು ಅನ್ನುವುದಕ್ಕೆ ನಿಮ್ಮ ಕೊನೆಯ ಸಾಲಿನಲ್ಲೇ ಸುಳಿವಿದೆ. ಎಚ್‌ಬಿ ಒಂದರಲ್ಲೇ ಎಲ್ಲ ತುಂಬಿಸಿದರೆ ಚಿತ್ರ ಪೂರ್ತಿ ಒಂದೇ ಬೂದು ಆಗುತ್ತದೆ. ಬಿಳಿ ಉಳಿದಿಲ್ಲ ಅಂತ ಒಬ್ಬರಿಗೆ ‘ಜಾಸ್ತಿ’ ಅನ್ನಿಸುತ್ತದೆ, ಕಪ್ಪು ಬಂದಿಲ್ಲ ಅಂತ ಇನ್ನೊಬ್ಬರಿಗೆ ‘ಸಾಲದು’ ಅನ್ನಿಸುತ್ತದೆ. ಕಣ್ಣನ್ನು ಅರೆ ಮುಚ್ಚಿ ನೋಡಿ. ಇಲ್ಲವೇ ರೆಫರೆನ್ಸ್ ಫೋಟೊವನ್ನು ಫೋನಿನಲ್ಲಿ ಕಪ್ಪುಬಿಳುಪು ಮಾಡಿ ಪಕ್ಕದಲ್ಲಿಡಿ. ಅದರಲ್ಲಿ ಅತಿ ಕಪ್ಪು ಎಲ್ಲಿದೆ ಅಂತ ಹುಡುಕಿ, ಮೊದಲು ಅಲ್ಲಿ 6ಬಿ ಹಾಕಿ. ಉಳಿದದ್ದು ಎಷ್ಟು ಗಾಢ ಇರಬೇಕು ಅಂತ ಅದೇ ಅಳತೆ ಕೊಡುತ್ತದೆ.

ಎಚ್‌ಬಿಯನ್ನು ಎಷ್ಟೇ ಒತ್ತಿದರೂ ಒಂದು ಹಂತ ದಾಟಿ ಕಪ್ಪಾಗುವುದಿಲ್ಲ. ಕಾಗದ ಕುಸಿದು ಮಿನುಗುತ್ತದೆ ಅಷ್ಟೇ. ಪೆನ್ಸಿಲಿನ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. 1795ರಲ್ಲಿ ಫ್ರಾನ್ಸಿನ ಕಾಂಟೆ ರೂಪಿಸಿದ ಈ ವಿಧಾನವೇ ಇವತ್ತಿಗೂ ಮೂಲ. ಮಣ್ಣು ಜಾಸ್ತಿಯಾದರೆ ಗಟ್ಟಿ ಮತ್ತು ತೆಳು, ಗ್ರಾಫೈಟ್ ಜಾಸ್ತಿಯಾದರೆ ಮೆತ್ತಗೆ ಮತ್ತು ಕಪ್ಪು. ಎಚ್‌ಬಿ, 2ಬಿ, 4ಬಿ, 6ಬಿ ಇದ್ದರೆ ಸಾಕು. ಅಪ್ಸರಾ, ಕ್ಯಾಮ್ಲಿನ್, ಡೋಮ್ಸ್ ಯಾವುದಾದರೂ ಸರಿ. ‘ವಿದೇಶಿ ಪೆನ್ಸಿಲ್ ತಗೋ, ಚಿತ್ರ ತಾನೇ ಚೆನ್ನಾಗಿ ಬರುತ್ತೆ’ ಅನ್ನುವ ಸಲಹೆಯನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಿ. ಬೆರಳಿನಿಂದ ಉಜ್ಜಿ ನಯ ಮಾಡುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಚರ್ಮದ ಎಣ್ಣೆ ಹತ್ತಿ ಕಾಗದದಲ್ಲಿ ಕಲೆ ನಿಲ್ಲುತ್ತದೆ. ಟಿಶ್ಯೂ ಕಾಗದ ಸಾಕು.

ಶೇಡಿಂಗ್ ಇರಲೇಬೇಕು ಅಂತಲೂ ಇಲ್ಲ. ಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ, ಬರೀ ಗೆರೆಯಲ್ಲೇ ಕುಣಿಯುವವರ ಮೈ ಭಾರ ಕಾಣಿಸುತ್ತದೆ. ಬೆಂಗಳೂರಿನಲ್ಲೇ ಇದ್ದೀರಲ್ಲ, ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗಿ. ಕೂತಲ್ಲೇ ಭಾವಚಿತ್ರ ಬರೆದುಕೊಡುವವರ ಹಿಂದೆ ನಿಂತು ಅವರು ಮೊದಲ ಕಪ್ಪನ್ನು ಎಲ್ಲಿ ಹಾಕುತ್ತಾರೆ ಅಂತ ಗಮನಿಸಿ. ಗಿರಾಕಿ ಇಲ್ಲದ ಹೊತ್ತಲ್ಲಿ ನಿಮ್ಮ ಹಾಳೆ ತೋರಿಸಿ ಒಂದು ಪ್ರಶ್ನೆ ಕೇಳಬಹುದು. ಒಂದೇ ಒಂದು, ಪಾಪ ಅವರಿಗೂ ವ್ಯಾಪಾರ ಆಗಬೇಕಲ್ಲ.

ಪ್ರಶ್ನೆ: ಯಾರಾದರೂ ತಪ್ಪು ತೋರಿಸಿದರೆ ಎರಡು ದಿನ ಪೆನ್ಸಿಲ್ ಮುಟ್ಟಲು ಮನಸ್ಸಾಗುವುದಿಲ್ಲ. ಏನು ಮಾಡಲಿ?
– ಓದುಗರು, ಪುತ್ತೂರು

ಉತ್ತರ: ಎರಡು ದಿನ ಮುಟ್ಟಬೇಡಿ. ಅದರಿಂದ ಏನೂ ಹಾಳಾಗುವುದಿಲ್ಲ.

ಅವರು ಹೇಳುವಾಗ ಮಾತ್ರ ‘ಕಾಗದ ಸರಿ ಇರಲಿಲ್ಲ’, ‘ಅವಸರದಲ್ಲಿ ಬರೆದೆ’ ಅಂತ ನಡುವೆ ಬಾಯಿ ಹಾಕಬೇಡಿ. ನೀವು ಸಮಜಾಯಿಷಿ ಕೊಡಲು ಶುರು ಮಾಡಿದರೆ ಅವರು ‘ಇಲ್ಲ ಇಲ್ಲ, ಚೆನ್ನಾಗೇ ಇದೆ’ ಅಂತ ಮಾತು ಮುಗಿಸುತ್ತಾರೆ. ಹೇಳಿದ್ದನ್ನು ಹಾಳೆಯ ಹಿಂದೆ ತಾರೀಕು ಹಾಕಿ ಬರೆದಿಡಿ. ‘ಎಡಗಿವಿ ಕೆಳಗಿದೆ’, ‘ನೆರಳು ಎರಡು ದಿಕ್ಕಿಗೆ ಬಿದ್ದಿದೆ’ ಅಂತ ಅಷ್ಟೇ. ‘ನಿನಗೆ ಕೈಯಿಲ್ಲ’, ‘ಇದೆಲ್ಲ ಯಾಕೆ ಬೇಕಿತ್ತು’ ಅನ್ನುವ ಮಾತುಗಳು ಯಾವ ಜಾಗವನ್ನೂ ತೋರಿಸುವುದಿಲ್ಲ, ಅವನ್ನು ಬರೆಯುವುದು ಬೇಡ.

ಮೂರನೇ ದಿನ ಚಿತ್ರವನ್ನು ಕನ್ನಡಿಯಲ್ಲಿ ನೋಡಿ, ತಲೆಕೆಳಗು ಮಾಡಿಯೂ ನೋಡಿ. ಹಾಗೆ ನೋಡಿದಾಗ ಅದು ಬೇರೆ ಯಾರೋ ಬರೆದದ್ದು ಅನ್ನಿಸುತ್ತದೆ. ಹಿಂದೆ ಬರೆದ ಮಾತು ಸರಿ ಇದ್ದರೆ ಅಲ್ಲೇ ಕಣ್ಣಿಗೆ ಬೀಳುತ್ತದೆ, ಇಲ್ಲದಿದ್ದರೆ ಅದನ್ನು ಹೊಡೆದುಹಾಕಿ. ಹಾಳೆಯ ಹಿಂದೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆಯಬೇಡಿ, ಮುಂದಿನ ಮುಖಕ್ಕೆ ಅಚ್ಚು ಮೂಡುತ್ತದೆ. ಎಚ್‌ಬಿಯಲ್ಲಿ ಹಗುರವಾಗಿ ಬರೆದರೆ ಸಾಕು.